ಇಂಜಿನ್ನಿನ ಬಚ್ಚಲು

೨೪ ಅಕ್ಟೋಬರ್ ೧೯೩೮, ಸೋಮವಾರ. ದೀಪಾವಳಿ ಪಾಡ್ಯ

ಸವಣೂರಿನಲ್ಲಿ ತಂಗಿ ಸರೋಜವ್ವ ಕ್ಷೇಮವೇ? ಅವಳ ಯಜಮಾನರಾದ ಅಜ್ಜಪ್ಪನವರ ಮೊಣಕಾಲು ನೋವು ಹೇಗಿದೆ? ಅತ್ತೆ ವೀರವ್ವನವರಿಗೆ ಊಟ ಸೇರುತ್ತಿದೆಯೇ? ಮಗ ನಾಗಪ್ಪನ ಕೆಮ್ಮು ನಿಂತಿತೇ? ನಾವು ಇಲ್ಲಿ ಎಲ್ಲರೂ ಸುಖವಾಗಿದ್ದೇವೆ.

ಇದು ಕಾಗದವಲ್ಲ, ಯಾರಿಗೂ ಹೋಗುವುದಿಲ್ಲ. ನನ್ನ ಮಗ ಶಿದ್ಲಿಂಗಪ್ಪ ಹಾನಗಲ್ಲಿನಿಂದ ತಂದುಕೊಟ್ಟ ವಹಿ, ನನಗಾಗಿ ಮಾತ್ರ. ಆದರೆ ಅಣ್ಣನ ಪಾಟಿಯ ಮೇಲೆ ಕದ್ದು ಕದ್ದು ಅಕ್ಷರ ಕಲಿತವಳು ನಾನು, ಕಲಿತ ಮೇಲೆ ಬರೆದದ್ದೆಲ್ಲ ನೆಂಟರಿಗೆ ಕಾಗದಗಳೇ. ನಾಲ್ಕು ಜನರ ಕ್ಷೇಮ ಕೇಳದೆ ಕೈ ಮುಂದೆ ಹೋಗುವುದಿಲ್ಲ. ಕೇಳಿದ್ದಾಯಿತು, ಇನ್ನು ವಿಷಯ.

ಇಂದು ನಮ್ಮೂರ ಗಿರಣಿಯ ಪೂಜೆ. ಹಾಕಿಸಿದವನು ನನ್ನ ಮೈದುನ ಮಹಾಲಿಂಗಪ್ಪ. ಅಣ್ಣತಮ್ಮಂದಿರು ಪಾಲಾದಾಗ ಊರೆಲ್ಲ ನೀರು ಕುಡಿಯುವ ಹೊಂಡದ ಮೇಲಿನ ತೋಟವೂ ಅಲ್ಲಿಯ ಬಾವಿಯೂ ಅವನ ಕಡೆಗೆ ಹೋದವು. ಅದೇ ತೋಟದಲ್ಲಿ ತಗಡಿನ ಮನೆ ಕಟ್ಟಿಸಿ ಎಣ್ಣೆ ಇಂಜಿನ್ ಕೂರಿಸಿದ್ದಾನೆ. ಜೋಳ ಬೀಸುವುದಕ್ಕೆ ಒಂದು ಜೊತೆ ಕಲ್ಲು, ಭತ್ತದ ಹೊಟ್ಟು ತೆಗೆಯುವುದಕ್ಕೆ ಒಂದು ಯಂತ್ರ. ನನ್ನ ಮಗ ಅಲ್ಲೇ ಚೀಟಿ ಬರೆಯುವ ಕೆಲಸಕ್ಕೆ ನಿಂತಿದ್ದಾನೆ.

ನಾನು ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ಗೋಡೆಗೆ ಆತು ನಿಂತಿದ್ದೆ. ಗಂಡ ಹೋದವಳು ಇಂಥಲ್ಲಿ ಮುಂದೆ ಬರಬಾರದೆಂದು ಯಾರೂ ಹೇಳಲಿಲ್ಲ, ನನಗೇ ಗೊತ್ತು. ಇಂಜಿನ್ನಿಗೆ ಮೂರು ಬೆರಳಿನ ವಿಭೂತಿ ಎಳೆದು ಚೆಂಡುಹೂವಿನ ಮಾಲೆ ಹಾಕಿದ್ದರು. ಅದು ಕೂಗುವುದನ್ನು ಕೇಳಬೇಕೆಂದು ಊರಿಗೆ ಊರೇ ಬಂದಿತ್ತು. ಸವಣೂರಿನಿಂದ ಬಂದ ಡ್ರೈವರ್ ಮಕ್ತುಮಸಾಬ ಚಕ್ರಕ್ಕೆ ಕೈ ಹಚ್ಚಿದ್ದೇ ತಡ, ಮಹಾಲಿಂಗಪ್ಪ ತಡೆದ.

"ಇವತ್ತ ಬ್ಯಾಡ. ಇವತ್ತ ಸೋಮಾರ. ಬಸವಣ್ಣನ ದಿನ ಎತ್ತು ಹೂಡೂದಿಲ್ಲ, ಇದನ್ನೂ ಹೂಡೂದಿಲ್ಲ."

"ಸಾವ್ಕಾರ್ರ, ಇದು ಕಬ್ಬಿಣ ಐತ್ರಿ."

"ಕಬ್ಬಿಣ ಆದ್ರೇನಾತು? ದುಡೀತೈತೋ ಇಲ್ಲೋ? ದುಡಿಯೂದಕ್ಕೆಲ್ಲಾ ಒಂದು ಸೋಮಾರ ಬೇಕು."

ನನ್ನ ಪಕ್ಕದಲ್ಲಿದ್ದ ನೆರೆಮನೆಯ ಭರಮವ್ವ ಸೆರಗು ಬಾಯಿಗೆ ಹಿಡಿದುಕೊಂಡು, "ಹಂಗಾರ ನಮ್ಮ ಸೋಮಾರ ಯಾವತ್ತು ಅಂತ ಕೇಳ್ರಿ, ಹೊನ್ನವ್ವಾರ" ಎಂದಳು. ಹಿಂದಿನ ಸಾಲಿಗೆಲ್ಲ ನಗು ಹರಡಿತು.

ಆಮೇಲೆ ಮಹಾಲಿಂಗಪ್ಪ ನಿಂತು ಮಾತನಾಡಿದ. ಹುಬ್ಬಳ್ಳಿ ನೋಡಿ ಬಂದವನು, ಮಾತು ಚೆಂದ. ಇನ್ನು ಮೇಲೆ ಈ ಊರಿನ ಹೆಂಗಸರ ಅಂಗೈಯಲ್ಲಿ ಗಂಟು ಏಳುವುದಿಲ್ಲ, ಬೆಳಗಿನ ಜಾವದ ನಿದ್ದೆ ಹಾಳಾಗುವುದಿಲ್ಲ, ನಾಳೆ ದೀಪ ತಾನಾಗಿ ಹತ್ತುತ್ತದೆ, ನೀರು ತಾನಾಗಿ ಮನೆಗೆ ಏರಿ ಬರುತ್ತದೆ, ನೀವೆಲ್ಲ ರಾಣಿಯರ ಹಾಗೆ ಕುಳಿತಿರುತ್ತೀರಿ ಎಂದ. ನನಗೆ ಕಣ್ಣಲ್ಲಿ ನೀರು ಬಂತು. ಸುಳ್ಳೇಕೆ ಬರೆಯಲಿ.

ನನಗೆ ಈ ಗಿರಣಿ ಯಾಕೆ ಬೇಕೆಂಬುದು ನನಗೇ ಗೊತ್ತು. ಸೊಸೆ ಶಂಕ್ರವ್ವ ಹಿರೇಕೆರೂರು ಕಡೆಯ ಅಬಲೂರಿನವಳು, ತಾಯಿ ಇಲ್ಲದ ಹುಡುಗಿ. ಎರಡು ಸಲ ಬಸುರು ನಿಲ್ಲಲಿಲ್ಲ. ಎರಡು ಸಲವೂ ಬೀಸುಕಲ್ಲಿನ ಮುಂದಿನಿಂದಲೇ ಅವಳನ್ನು ಎತ್ತಿ ಒಳಗೆ ಮಲಗಿಸಿದ್ದೇನೆ. ಈಗ ಆರನೆಯ ತಿಂಗಳು. ಇದೊಂದು ನಿಲ್ಲಲಿ, ನನಗೆ ರಾಣಿಯಾಗುವುದು ಬೇಡ.

೨೭ ಅಕ್ಟೋಬರ್, ಗುರುವಾರ

ಗಿರಣಿಯಿಂದ ಹಿಟ್ಟು ಬಂತು. ಮುಟ್ಟಿದರೆ ಬೆಚ್ಚಗೆ, ಈಗಷ್ಟೇ ನಿದ್ದೆಯಿಂದೆದ್ದ ಮಗುವಿನ ಕೆನ್ನೆಯ ಹಾಗೆ. ರೊಟ್ಟಿ ಸ್ವಲ್ಪ ಬಿರುಸಾಯಿತು, ಆದರೇನಂತೆ. ಬೆಳಗಿನ ಜಾವ ರೂಢಿಯಂತೆ ಎಚ್ಚರವಾಗಿ ಅತ್ತೆ ಸೊಸೆ ಇಬ್ಬರೂ ಎದ್ದು, ಬೀಸುವುದಿಲ್ಲವಲ್ಲ ಎಂದು ನೆನಪಾಗಿ, ಕಲ್ಲಿನ ಆಚೆ ಈಚೆ ಸುಮ್ಮನೆ ಕುಳಿತೆವು. ಮಾತು ಮಾತ್ರ ಎಂದಿನ ಹಾಗೆಯೇ ನಡೆಯಿತು. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಅತ್ತಿ, ಇದು ಒದೀಲಿಕತ್ತೈತಿ" ಎಂದಳು. ಹಿಂದಿನವು ಇಷ್ಟು ದಿನ ಉಳಿದಿರಲಿಲ್ಲ.

ಸರೋಜವ್ವನ ಮನೆಯವರೆಲ್ಲ ಸುಖವಾಗಿರಲಿ. ಮಹಾಲಿಂಗಪ್ಪನ ಇಂಜಿನ್ನೂ ಸುಖವಾಗಿರಲಿ.

೨೦ ನವೆಂಬರ್, ರವಿವಾರ

ಹತ್ತಾರು ದಿನ ಬರೆಯಲಿಲ್ಲ. ಸುಗ್ಗಿಯ ಭತ್ತ ಬರುತ್ತಿದೆ, ಗಿರಣಿ ಬೆಳಗಿನಿಂದ ಸಂಜೆಯತನಕ ಟುಕುಟುಕು ಎನ್ನುತ್ತದೆ.

ಎಲ್ಲರೂ ಕ್ಷೇಮವೆಂದು ಬರೆಯುವ ಹಾಗಿಲ್ಲ. ಭರಮವ್ವನ ಎಮ್ಮೆ ಹೊಂಡದ ತನಕ ಹೋಗಿ ಮೂಸಿ ಮುಖ ತಿರುಗಿಸಿಕೊಂಡು ಬರುತ್ತದೆ. ನಮ್ಮನೆಯ ಅನ್ನಕ್ಕೆ ಈಚೆಗೆ ಚಿಮಣಿ ಎಣ್ಣೆಯ ವಾಸನೆ. ಒಲೆಯ ಪಕ್ಕದಲ್ಲಿ ಚಿಮಣಿ ಇಟ್ಟವರು ಯಾರು ಎಂದು ಶಂಕ್ರವ್ವನನ್ನು ಗದರಿಸಿದೆ. ಅವಳು ಕೊಡದೊಳಗೆ ಕೈ ಅದ್ದಿ ನನ್ನ ಮೂಗಿನ ಹತ್ತಿರ ಹಿಡಿದಳು. ವಾಸನೆ ನೀರಿನದು.

ನೀರಿಗೆ ಏನಾಯಿತೆಂದು ಹೊಂಡದ ಮೆಟ್ಟಿಲಲ್ಲಿ ದಿನವೂ ಅದೇ ಮಾತು. ಯಾರೋ ಎಣ್ಣೆ ಬಟ್ಟೆ ಒಗೆದಿರಬೇಕೆಂದು ಒಬ್ಬರು, ನೀರಿನ ತಾಯಿ ಗಂಗವ್ವ ಮುನಿದಿದ್ದಾಳೆಂದು ಇನ್ನೊಬ್ಬರು. ಮಹಾಲಿಂಗಪ್ಪನನ್ನು ಕೇಳಿದರೆ ತಿಳಿದೀತು, ಅವನು ನಾಲ್ಕು ಊರು ಕಂಡವನು.

೨೨ ನವೆಂಬರ್, ಮಂಗಳವಾರ

ಶಂಕ್ರವ್ವ ಬೆಳಗಾಗುತ್ತಲೇ ಹೊಂಡದಿಂದ ಬಂದು ಕೊಡ ಇಳಿಸಿ ಹೇಳಿದಳು: "ಅತ್ತಿ, ಇವತ್ತ ನೀರು ನೆಟ್ಟಗ ಐತಿ. ಮೀನು ಮ್ಯಾಲೆ ಬಂದಾವ."

"ನಿನ್ನೆ?"

"ನಿನ್ನೆ ಸಂಜೀಮಟ ವಾಸನಿ ಇತ್ತು. ಹೋದ ಮಂಗಳವಾರನೂ ಹಿಂಗ ಇತ್ತು. ಅದರ ಹಿಂದಿನ ಮಂಗಳವಾರನೂ." ಕೊಡದ ಬಾಯಿ ಮುಚ್ಚುತ್ತ, "ಸೋಮಾರ ಇಂಜಿನ್ ಮಲಗಿರತೈತಲ್ರಿ" ಎಂದಳು.

ನಾನು ಚಪ್ಪಲಿ ಮೆಟ್ಟಿಕೊಂಡು ಹೋಗಿ ನೋಡಿದೆ. ಹೊಂಡ ಕನ್ನಡಿಯ ಹಾಗಿತ್ತು. ಕೆಳಗಿನ ಮೆಟ್ಟಿಲಲ್ಲಿ ಬೆರಳುದ್ದದ ಮೀನುಗಳು ಪಾಚಿ ಕಚ್ಚುತ್ತಿದ್ದವು. ಅಷ್ಟರಲ್ಲಿ ಮೇಲೆ ಗಿರಣಿ ಕೂಗತೊಡಗಿತು. ಕಾದು ನೋಡಿದೆ. ಇಂಜಿನ್ ಕಾಯಬಾರದೆಂದು ಮೇಲಿನ ತೊಟ್ಟಿಯಿಂದ ಅದರ ಮೈಯೊಳಗೆ ತಣ್ಣೀರು ಹಾಯಿಸುತ್ತಾರಂತೆ, ಆ ನೀರು ಬಿಸಿಯಾಗಿ ಹೊರಬಂದು, ನೆಲದ ಮೇಲೆ ಚೆಲ್ಲಿದ ಎಣ್ಣೆಯನ್ನೆಲ್ಲ ಬಳಿದುಕೊಂಡು, ಕಾಲುವೆ ಹಿಡಿದು ಹೊಂಡಕ್ಕೆ ಇಳಿಯುತ್ತದೆ. ಹೊಂಡದ ಮೇಲೆ ನವಿಲುಗರಿಯ ಬಣ್ಣ ಹರಡಿತು. ನೋಡುವುದಕ್ಕೆ ಚೆಂದ. ಮೀನು ಕೆಳಗೆ ಹೋದವು.

ಎತ್ತಿಗೆ ಬಿಡುವು ಕೊಟ್ಟ ಹಾಗೆ ಇಂಜಿನ್ನಿಗೂ ಕೊಟ್ಟದ್ದರಿಂದ ಇದು ಗೊತ್ತಾಯಿತು. ಇಲ್ಲದಿದ್ದರೆ ಇನ್ನೂ ಗಂಗವ್ವನ ಮುನಿಸೆಂದೇ ಕೂತಿರುತ್ತಿದ್ದೆವು.

೮ ಡಿಸೆಂಬರ್, ಗುರುವಾರ

ಮಂಗಳವಾರ ಮನೆಯ ಹಂಡೆ, ಗಡಿಗೆ, ಸೋರೆಬುರುಡೆ ಎಲ್ಲವನ್ನೂ ತುಂಬಿಸಿಟ್ಟರೂ ಶುಕ್ರವಾರಕ್ಕೆ ಮುಗಿಯುತ್ತದೆ. ಆಮೇಲೆ ಕುಡಿಯುವ ನೀರಿಗೆ ಹಳ್ಳದ ತನಕ ಹೋಗಬೇಕು. ಅಲ್ಲಿ ಮರಳು ತೋಡಿ, ನೀರು ಒಸರುವ ತನಕ ಕುಕ್ಕರುಗಾಲಿನಲ್ಲಿ ಕೂತು, ಬಟ್ಟಲಿನಿಂದ ಮೊಗೆದು ಕೊಡ ತುಂಬಬೇಕು. ಬೀಸುವುದು ತಪ್ಪಿ ಉಳಿದ ಹೊತ್ತು ಹಳ್ಳದ ದಾರಿಗೆ ಹೋಯಿತು, ಮೇಲೆ ಇನ್ನಷ್ಟು ಹೊತ್ತನ್ನೂ ಕೇಳುತ್ತಿದೆ. ಶಂಕ್ರವ್ವನಿಗೆ ಹೋಗಬೇಡವೆಂದಿದ್ದೇನೆ. ನಾನೇ ಹೋಗುತ್ತೇನೆ. ಬಂದ ಮೇಲೆ ಸೊಂಟ ನನ್ನದೋ ಬೇರೆಯವರದೋ ಗೊತ್ತಾಗುವುದಿಲ್ಲ.

ಇಂದು ಮಹಾಲಿಂಗಪ್ಪನ ಮನೆಗೆ ಹೋಗಿ ಕಟ್ಟೆಯ ಅಂಚಿನಲ್ಲಿ ಕೂತು ಹೇಳಿದೆ. ಅವನು ಎಲೆ ಅಡಿಕೆ ತಟ್ಟೆ ನನ್ನ ಮುಂದೆ ಸರಿಸಿದ. ಮರ್ಯಾದೆಗೆ ಯಾವತ್ತೂ ಕಡಿಮೆ ಮಾಡಿದವನಲ್ಲ.

"ವೈನಿ, ಸುಧಾರಣಿ ಅಂದ ಮ್ಯಾಲೆ ಒಂದೀಟು ವಾಸನಿ ಇರತೈತಿ. ಹುಬ್ಬಳ್ಳಿಯೊಳಗ ಉಸುರು ಬಿಡಾಕ ಬರೂದಿಲ್ಲ, ಮಂದಿ ಅಲ್ಲೇ ಬಾಳೇವು ಮಾಡ್ತಾರ."

"ಕುಡಿಯೂ ನೀರಪ್ಪ ಅದು."

"ಇನ್ನೆರಡು ವರ್ಷ ತಡೀರಿ. ಪಂಪ ಹಾಕಸ್ತೇನಿ. ನೀರು ತಾನ ನಿಮ್ಮ ಅಡಿಗಿಮನಿಗೆ ನಡಕೊಂಡ ಬರತೈತಿ. ನೀವು ಹೆಣಮಕ್ಳು ಒಂದ ಕೊಡದ ಸಲುವಾಗಿ ಚಿಂತಿ ಮಾಡತೀರಿ. ನಾನು ಹತ್ತು ವರ್ಷದ ಮುಂದಿಂದು ನೋಡಾಕತ್ತೇನಿ."

ತಿಳಿದವನು, ಸರಿಯಾಗಿಯೇ ಹೇಳುತ್ತಿರಬೇಕೆಂದುಕೊಂಡು ಎದ್ದು ಬಂದೆ. ಅರ್ಧ ದಾರಿಯಲ್ಲಿ ಹೊಳೆಯಿತು: ಪಂಪು ಹಾಕಿದರೆ ಯಾವ ನೀರು ನಡೆದು ಬರುತ್ತದೆ? ಇದೇ ನೀರಲ್ಲವೇ? ಮರಳಿ ಹೋಗಿ ಕೇಳಲಿಲ್ಲ.

೧೫ ಡಿಸೆಂಬರ್, ಗುರುವಾರ

ಶಂಕ್ರವ್ವ ಬಿದ್ದಳು. ನಾನು ಹೊಲಕ್ಕೆ ಹೋದಾಗ ಕೊಡ ತೆಗೆದುಕೊಂಡು ಹಳ್ಳಕ್ಕೆ ಹೋಗಿದ್ದಾಳೆ. ದಂಡೆ ಏರುವಾಗ ಕಾಲು ಜಾರಿದೆ. ಭರಮವ್ವ ತೋಳು ಕೊಟ್ಟು ನಡೆಸಿಕೊಂಡು ಬಂದಳು. ಸೀರೆಗೆ ರಕ್ತ ಹತ್ತಿದೆ.

ಮುಂದೆ ಬರೆಯಲಾರೆ.

೧೮ ಡಿಸೆಂಬರ್, ರವಿವಾರ

ನಿಂತಿದೆ. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, ಕೂಸು ಅಲುಗುತ್ತದೆ, ಇನ್ನು ಹಡೆಯುವ ತನಕ ಇವಳು ಭಾರ ಎತ್ತಕೂಡದು, ನೆಲ ಬಿಟ್ಟು ಏಳುವುದೂ ನೋಡಿಕೊಂಡು ಎಂದಳು. ಶಿದ್ಲಿಂಗಪ್ಪ ಗಿರಣಿಗೆ ಹೋಗದೆ ಹೊಸ್ತಿಲಲ್ಲೇ ಕೂತಿದ್ದಾನೆ.

ಮಹಾಲಿಂಗಪ್ಪನಿಗೆ ಸುದ್ದಿ ಮುಟ್ಟಿತು. ಅವನೇ ಬಂದ. ಮುಖ ಇಳಿದಿತ್ತು. "ವೈನಿ, ನಮ್ಮ ಬಾವಿಯಿಂದ ದಿನಾ ಎರಡ ಕೊಡ ಆಳಿನ ಕೈಯಾಗ ಕಳಿಸ್ತೇನಿ. ಮೊದಲ ಕೇಳಿದ್ರ ಮೊದಲ ಕಳಸ್ತಿದ್ದೆ" ಎಂದ.

ಪಾಲಾದ ಮೇಲೆ ಅವನ ಬಾವಿಯ ಕಡೆ ಕೊಡ ಹಿಡಿದು ಹೋದವಳಲ್ಲ ನಾನು. ಆದರೂ ಆಗಲೆಂದೆ. ಸ್ವಾಭಿಮಾನವನ್ನು ಕುಡಿಸಿ ಕೂಸನ್ನು ಉಳಿಸಿಕೊಳ್ಳಲಾಗುವುದಿಲ್ಲ.

ಶಂಕ್ರವ್ವ ಮಲಗಿದಲ್ಲಿಂದಲೇ ಕೇಳಿಸಿಕೊಂಡಿದ್ದಾಳೆ. ಅವನು ಹೋದ ಮೇಲೆ, "ನಮ್ಮನಿಗೆ ಎರಡ ಕೊಡ ಬಂದ್ರ, ಭರಮವ್ವಾರ ಮನಿಗೆ ಯಾರು ಕಳಸ್ತಾರ್ರಿ ಅತ್ತಿ? ಅವರ ಮನ್ಯಾಗೂ ಮಗಳು ಹಡದು ಮಲಗ್ಯಾಳ" ಎಂದಳು.

"ನೀ ಸುಮ್ನ ಮಲಕೋ" ಎಂದೆ.

೨ ಜನವರಿ ೧೯೩೯, ಸೋಮವಾರ

ಭರಮವ್ವನ ಮಗಳು ಹಡೆದು ತಿಂಗಳಾಗುತ್ತ ಬಂತು. ಅರಿಶಿಣ ಕೊಡಲು ಹೋಗಿದ್ದೆ. ಅದೇ ಹೊತ್ತಿಗೆ ಭರಮವ್ವ ಹಳ್ಳದಿಂದ ಬಂದಳು, ತಲೆಯ ಮೇಲೊಂದು ಕೊಡ, ಬಗಲಿನಲ್ಲೊಂದು. ನನ್ನನ್ನು ನೋಡಿ ಇಳಿಸುತ್ತ, "ನಿಮಗೇನ್ರಿ ಹೊನ್ನವ್ವಾರ, ನಿಮ್ಮನಿಗೆ ಕೊಡ ತಾವ ನಡಕೊಂಡ ಬರ್ತಾವ. ಸಾವ್ಕಾರ್ರು ಹೇಳಿದ್ದು ನಿಮ್ಮ ಒಂದ ಮನಿಗೆ ಖರೇ ಆತು ನೋಡ್ರಿ" ಎಂದಳು.

ಶಂಕ್ರವ್ವನನ್ನು ತೋಳು ಕೊಟ್ಟು ತಂದವಳು ಅವಳು. ನಾನು ಅವಳ ತಲೆಯ ಸಿಂಬೆ ಎತ್ತಿ ಗೂಟಕ್ಕೆ ಹಾಕಿದೆ. ಅವಳೂ ಮೆತ್ತಗಾದಳು.

"ಶುಕ್ರವಾರ ನನ್ನ ಮಗಳ ಗಂಗವ್ವನ ಪೂಜಿ ಐತ್ರಿ. ಈ ಎಣ್ಣಿ ನೀರಿಗೆ ಹೆಂಗ ಉಡಿ ತುಂಬಲಿ ಹೇಳ್ರಿ. ಹಳ್ಳದಮಟ ಹಸಿ ಬಾಣಂತಿನ ನಡಸಾಕ ಬರೂದಿಲ್ಲ. ಪೂಜಿ ಆಗೂಮಟ ಆಕಿ ಕೊಡ ಮುಟ್ಟೂಹಂಗಿಲ್ಲ."

ಮನೆಗೆ ಬಂದು ರೊಟ್ಟಿ ಬಡಿಯುತ್ತ ಅದನ್ನೇ ಯೋಚಿಸಿದೆ. ನಮ್ಮ ಕಡೆ ಬಾಣಂತಿ ಪೂಜೆಗೆಂದು ಹೊರಟರೆ ನೀರು ಯಾರದೆಂದು ಕೇಳುವ ಪದ್ಧತಿಯಿಲ್ಲ. ಗೌಡರ ಬಾವಿಯಿರಲಿ, ಮಠದ ಬಾವಿಯಿರಲಿ, ಅವಳಿಗೆ ಅಡ್ಡ ನಿಂತವರನ್ನು ನಾನು ಕಂಡಿಲ್ಲ. ಜೊತೆಗೆ ಹೋದ ಹೆಂಗಸರೂ ಖಾಲಿ ಕೊಡದಲ್ಲಿ ಮರಳಬಾರದು, ಮರಳಿದರೆ ಬಾಣಂತಿಯ ಹಾಲು ಬತ್ತುತ್ತದೆ ಎನ್ನುತ್ತಾರೆ. ಮಹಾಲಿಂಗಪ್ಪ ಇಂಥದರಲ್ಲಿ ನನಗಿಂತ ಕಟ್ಟುನಿಟ್ಟು.

ರೊಟ್ಟಿ ಸೀದಿತು. ಎದ್ದು ಭರಮವ್ವನ ಮನೆಗೆ ಹೋಗಿ ಹೇಳಿದೆ. ಅವಳು ಮೊದಲು ಹೆದರಿದಳು, ಅವರ ಜಾತಿ ಬೇರೆ.

"ಆ ತ್ವಾಟದ ನೀರು ನಾವು ಮುಟ್ಟಬಹುದೇನ್ರಿ? ನಿಮ್ಮ ಮಂದಿ ಏನಂದಾರು?"

"ಬಾಣಂತಿ ಮುಂದ, ನಾನು ಆಕಿ ಬಾಜೂಕ. ಅನ್ನೂದನ್ನ ನನಗ ಅನ್ಲಿ."

೬ ಜನವರಿ, ಶುಕ್ರವಾರ

ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಮರೆತೇನು.

ಬೆಳಗ್ಗೆ ಇಂಜಿನ್ ಶುರುವಾದ ಮೇಲೆಯೇ ಹೊರಟೆವು. ಬಾಣಂತಿ ಮುಂದೆ, ಅವಳ ಪಕ್ಕದಲ್ಲಿ ನಾನು. ಆರತಿ ತಟ್ಟೆ ಭರಮವ್ವನ ಕೈಯಲ್ಲಿ, ಕೂಸು ಬಾಣಂತಿಯ ಅತ್ತೆಯ ಹೆಗಲ ಮೇಲೆ. ಹಿಂದೆ ಓಣಿಯ ಹೆಂಗಸರು, ಆಮೇಲೆ ಇನ್ನೊಂದು ಓಣಿಯವರು. ಕೊನೆಗೆ ನೋಡಿದರೆ ಊರಿನಲ್ಲಿ ಕೊಡ ಹೊರುವವರೆಲ್ಲ ಇದ್ದಾರೆ. ಹೊಂಡದ ಮೆಟ್ಟಿಲ ಮುಂದೆ ಹಾದು, ನಿಲ್ಲದೆ, ಏರಿ ಹತ್ತಿ ಗಿರಣಿಗೆ ಹೋದೆವು.

ಬಾವಿಯಿಂದ ಎತ್ತಿನ ಕೈಲಿ ಎತ್ತಿಸಿದ ನೀರು ತುಂಬಿದ ತೊಟ್ಟಿ ಅಲ್ಲಿದೆ, ಇಂಜಿನ್ನಿಗೆಂದು ಕಟ್ಟಿಸಿದ್ದು. ಅದರ ದಂಡೆಗೆ ಅರಿಶಿಣ ಕುಂಕುಮ ಹಚ್ಚಿ, ಐದು ಕಲ್ಲಿಟ್ಟು, ಕಡಲೆ ಬೆಲ್ಲ ಎಡೆ ಮಾಡಿ, ಬಾಣಂತಿ ಉಡಿ ತುಂಬಿದಳು. ಮೊದಲ ಕೊಡ ತುಂಬಿಕೊಂಡಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ನೂಕಾಟವಿಲ್ಲ, ಗದ್ದಲವಿಲ್ಲ. ಹಾಡುತ್ತ ತುಂಬುತ್ತಿದ್ದರು. ತೊಟ್ಟಿ ತಳ ಕಂಡಿತು.

ಮಕ್ತುಮಸಾಬ ಹೊರಬಂದು ನೋಡಿ, ಒಳಗೆ ಹೋಗಿ ಇಂಜಿನ್ ನಿಲ್ಲಿಸಿದ. ಗಿರಣಿ ಸುಮ್ಮನಾದದ್ದನ್ನು ಕೇಳಿಯೇ ಮಹಾಲಿಂಗಪ್ಪ ಬಂದ, ರುಮಾಲು ಇನ್ನೂ ಕೈಯಲ್ಲೇ ಇತ್ತು.

"ಯಾರು ಬಂದ್ ಮಾಡಂದ್ರು?"

"ಕಾಯತೈತ್ರಿ, ಸಾವ್ಕಾರ್ರ. ನೀರಿಲ್ಲ."

ಅವನು ಹೆಂಗಸರನ್ನು ನೋಡಿದ, ಬಾಣಂತಿಯನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ, ಆಮೇಲೆ ನನ್ನನ್ನು ನೋಡಿದ.

"ವೈನಿ, ಇದೇನು ಹಚ್ಚೀರಿ?"

"ಗಂಗವ್ವನ ಪೂಜಿ."

"ಪೂಜಿ ಹೊಂಡದಾಗ ಮಾಡೂದು."

"ಹೊಂಡದಾಗ ಗಂಗವ್ವ ಇಲ್ಲಪ್ಪ. ನಿನ್ನ ಇಂಜಿನ್ ದಿನಾ ಆಕಿ ಮ್ಯಾಲೆ ಮೈ ತೊಳಕೊಳ್ಳತೈತಿ. ಆಕಿ ಎದ್ದು ಇಲ್ಲೆ ಬಂದಾಳ."

ಹಿಂದೆ ಯಾರೋ ಕಿಸಕ್ಕೆಂದರು. ಅವನಿಗೆ ಸಿಟ್ಟು ಬಂತು. "ಗಿರಣಿ ನಿಂತ್ರ ನನಗೇನು? ನಾಳೆಯಿಂದ ಮತ್ತ ನೀವ ಬೀಸ್ರಿ. ನಿಮಗ ಸುಖಾ ಮಾಡಾಕ ಬಂದವನಿಗೆ ಇದ ಬರಬೇಕು."

"ಗಿರಣಿ ನಿನಗಿಂತ ನಮಗ ಹೆಚ್ಚ ಬೇಕು" ಎಂದೆ. "ನನ್ನ ಸೊಸಿ ಎರಡ ಸಲ ಕಲ್ಲಿನ ಮುಂದ ಕಳಕೊಂಡಾಳ. ಮೂರನೇದು ಹಳ್ಳದ ದಂಡಿ ಮ್ಯಾಲೆ ಕಳಕೊಳ್ಳಾಕ ಹತ್ತಿದ್ಲು. ಕೈಗೆ ಸುಖಾ ಕೊಟ್ಟು ಸೊಂಟಾ ಮುರದ್ರ ಅದ್ಯಾವ ಸುಖಾ?"

"ಹಂಗಾರ ಏನ್ಮಾಡ್ಲಿ? ಇಂಜಿನ್ ಅಂದ್ರ ನೀರು ಬಿಡತೈತಿ."

"ಬಿಡ್ಲಿ. ನಿನ್ನ ಮನಿ ಬಚ್ಚಲದ ನೀರು ಎಲ್ಲಿ ಹೋಗತೈತಿ?"

"ಹಿತ್ತಲ ಬಾಳಿಗಿಡಕ್ಕ."

"ನಮ್ಮನಿದು?"

"ಬಾಳಿಗೆ."

"ನಮ್ಮನಿದೂ ಬಾಳಿಗೇರಿ" ಎಂದಳು ಭರಮವ್ವ. ನಾನು ಅಷ್ಟಕ್ಕೇ ಬಿಡಲಿಲ್ಲ.

"ಮಂದಿ ಮೈ ತೊಳದ ನೀರು ಹೊಂಡಕ್ಕ ಬಿಟ್ರ ನೀವ ಪಂಚರು ಕುಂತು ದಂಡ ಹಾಕ್ತೀರಿ. ಇದಕ್ಕ ಇಭೂತಿ ಹಚ್ಚೀದಿ, ಮಾಲಿ ಹಾಕೀದಿ, ಸೋಮಾರ ಬಿಡುವು ಕೊಟ್ಟೀದಿ. ಮನಿಯೊಳಗಿನ ಜೀವ ಅಂತ ತಿಳದ ಮ್ಯಾಲೆ ಅದಕ್ಕೊಂದು ಬಚ್ಚಲ ಕಟ್ಟಬೇಕು ಅನ್ನೂದು ಹೊಳೀಲಿಲ್ಲೇನು?"

ಅವನು ಕಾಲುವೆಯ ಕಡೆ ಒಮ್ಮೆ ನೋಡಿದ. ಆಮೇಲೆ ದನಿ ತಗ್ಗಿಸಿ, "ಇದನ್ನ ನನಗ ಒಬ್ಬವಗ ಬಂದು ಹೇಳಬಾರದಾಗಿತ್ತೇನು, ವೈನಿ?" ಎಂದ.

"ಹೇಳಿದ್ದೆ. ನಿನ್ನ ಕಟ್ಟಿ ಮ್ಯಾಲೆ ಕುಂತು ಹೇಳಿದ್ದೆ. ನನ್ನ ಒಬ್ಬಾಕಿಗೆ ಎರಡ ಕೊಡ ಕಳಿಸಿದಿ."

ಅವನು ರುಮಾಲು ಸುತ್ತಿಕೊಂಡ. ಎರಡು ಸಲ ಸುತ್ತಿ ಬಿಚ್ಚಿ ಮತ್ತೆ ಸುತ್ತಿದ. ಕೊನೆಗೆ, "ಎಲ್ಲಿ ಅಗೀಬೇಕು ತೋರಸ್ರಿ" ಎಂದ.

ನಾನು ತೋರಿಸಿದೆ. ಗಿರಣಿಯ ಕಟ್ಟೆ ಎತ್ತರ, ಅದರ ಮೇಲೆ ಕೂತರೆ ತೋಟದ ಇಳಿಜಾರು ಪೂರ್ತಿ ಕಾಣುತ್ತದೆ. ಅಲ್ಲಿಂದಲೇ ಹೇಳುತ್ತ ಹೋದೆ, ಆಳುಗಳು ಗೆರೆ ಎಳೆದರು. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದದ್ದೇ ತಡವಾಯಿತು.

೨೦ ಜನವರಿ, ಶುಕ್ರವಾರ

ಮೊದಲು ತೋಡಿದ ಗುಂಡಿ ನಾಲ್ಕೇ ದಿನಕ್ಕೆ ತುಂಬಿ ಉಕ್ಕಿ ಕಾಲುವೆಗೆ ಹರಿಯಿತು. ಅಳತೆ ಹೇಳಿದವಳು ನಾನೇ. ಮನೆಯ ಬಚ್ಚಲಿನ ಲೆಕ್ಕದಲ್ಲಿ ಹೇಳಿದ್ದೆ, ಇಂಜಿನ್ ಎಷ್ಟು ಮೀಯುತ್ತದೆಂದು ನನಗೇನು ಗೊತ್ತು. "ವೈನಿ, ನಿಮ್ಮ ಬಚ್ಚಲ ಸೋರಾಕತ್ತೈತಿ" ಎಂದು ಮಹಾಲಿಂಗಪ್ಪ ದಾರಿಯಲ್ಲಿ ನಾಲ್ಕು ಜನರ ಮುಂದೆ ಹೇಳಿ ನಕ್ಕ. ನಗಲಿ. ಇನ್ನೊಂದು ಗುಂಡಿ ತೋಡಿಸಿದೆವು, ಮೊದಲಿನದಕ್ಕಿಂತ ಅಗಲ. ಮೇಲಿನ ಗುಂಡಿಗೆ ಗಿರಣಿಯದೇ ಭತ್ತದ ಹೊಟ್ಟು ತುಂಬಿದ್ದೇವೆ. ಎಣ್ಣೆ ಜಿಡ್ಡಿನ ಪಾತ್ರೆ ತಿಕ್ಕಲು ಹೊಟ್ಟು ಹಾಕುತ್ತೇವಲ್ಲ, ಅದೇ ಬುದ್ಧಿ. ಜಿಡ್ಡೆಲ್ಲ ಹೊಟ್ಟಿಗೆ ಹತ್ತುತ್ತದೆ, ಆ ಹೊಟ್ಟು ಒಣಗಿಸಿ ಹಂಡೆಯ ಒಲೆಗೆ ಹಾಕಿದರೆ ಚೆನ್ನಾಗಿ ಉರಿಯುತ್ತದೆ. ಕೆಳಗಿನ ಗುಂಡಿಗೆ ಮರಳು. ಅದನ್ನು ದಾಟಿದ ನೀರು ಬಾಳೆಗೂ ಕೆಸುವಿಗೂ.

ಶಂಕ್ರವ್ವನಿಗೆ ಒಂಬತ್ತು ನಡೆಯುತ್ತಿದೆ. ಮನೆಯಲ್ಲಿ ಕೂತು ಬೇಸರವೆಂದಳು. ಚಕ್ಕಡಿಯಲ್ಲಿ ಕರೆದುಕೊಂಡು ಹೋಗಿ ಗಿರಣಿಯ ಕಟ್ಟೆಯ ಮೇಲೆ ನನ್ನ ಪಕ್ಕ ಕೂರಿಸಿದೆ. ಅವಳು ಗುಂಡಿಯನ್ನು ನೋಡದೆ ಇಂಜಿನ್ನನ್ನೇ ನೋಡುತ್ತಿದ್ದಳು. ಮಕ್ತುಮಸಾಬನನ್ನು ಒಂದೊಂದಾಗಿ ಕೇಳಿದಳು, ಎಣ್ಣೆ ಎಲ್ಲಿ ಹೋಗುತ್ತದೆ, ಚಕ್ರದ ಮೇಲಿನ ಪಟ್ಟಾ ಯಾಕೆ ಜಾರುವುದಿಲ್ಲ ಎಂದು.

"ಇದನ್ನ ಹೆಣಮಕ್ಳು ನಡಸಬಹುದೇನ್ರಿ, ಸಾಬ್?"

"ಚಕ್ರ ತಿರುವಾಕ ರಟ್ಟಿಯೊಳಗ ಕಸುವು ಬೇಕವ್ವ."

ಶಂಕ್ರವ್ವ ಅಂಗೈ ಚಾಚಿ ತೋರಿಸಿದಳು. ಗಂಟು ಇನ್ನೂ ಕರಗಿಲ್ಲ. "ಹತ್ತು ವರ್ಷ ಕಲ್ಲು ತಿರುವೇನ್ರಿ."

ಅವನು ನಕ್ಕು, "ಮೊದಲ ಹಡೀ ತಾಯಿ, ಆಮ್ಯಾಲೆ ನೋಡೂಣು" ಎಂದ. ಬೇಡವೆನ್ನಲಿಲ್ಲ. ಮಹಾಲಿಂಗಪ್ಪ ಹೇಳಿದ ರಾಣಿಯರ ಮಾತು ನೆನಪಾಯಿತು. ಕೂತ ಮೇಲೆ ಏನು ಮಾಡಬೇಕೆನ್ನುತ್ತೀರೆಂದು ಅವನು ನಮ್ಮನ್ನು ಕೇಳಿರಲಿಲ್ಲ, ನಾವೂ ನಮ್ಮನ್ನು ಕೇಳಿಕೊಂಡಿರಲಿಲ್ಲ.

ಭರಮವ್ವನ ಎಮ್ಮೆ ಇಂದೂ ಹೊಂಡದ ನೀರು ಮುಟ್ಟಲಿಲ್ಲ. ಅದು ಹಟಮಾರಿ. ಕಾಯುತ್ತೇನೆ.

೩೧ ಜನವರಿ, ಮಂಗಳವಾರ

ಎಮ್ಮೆ ಕುಡಿಯಿತು. ಆದರೆ ಇಂದು ಮಂಗಳವಾರ, ಅದಕ್ಕೆ ನಾನು ಒಪ್ಪಲಿಲ್ಲ.

೩ ಫೆಬ್ರುವರಿ, ಶುಕ್ರವಾರ

ಇಂದೂ ಕುಡಿಯಿತು. ಇಂಜಿನ್ ಕೂಗುತ್ತಿತ್ತು.

ಎರಡು ಕೊಡ ತರುವ ಆಳಿಗೆ ನಾಳೆಯಿಂದ ಬರಬೇಡವೆಂದೆ.

೧೯ ಫೆಬ್ರುವರಿ, ರವಿವಾರ

ಸರೋಜವ್ವನಿಗೆ ಬರೆದ ಕಾಗದ. ನಾಳೆ ಶಿದ್ಲಿಂಗಪ್ಪ ಹಾನಗಲ್ಲಿಗೆ ಹೋಗುವಾಗ ಅಂಚೆಗೆ ಹಾಕುತ್ತಾನೆ. ಇಲ್ಲಿಯೂ ಇರಲೆಂದು ನಕಲು ಮಾಡಿದ್ದೇನೆ.

ತಂಗಿ ಸರೋಜವ್ವನಿಗೆ ಅಕ್ಕ ಹೊನ್ನವ್ವನ ಆಶೀರ್ವಾದ. ಮೊದಲು ಸುದ್ದಿ, ಕ್ಷೇಮ ಆಮೇಲೆ ಕೇಳುತ್ತೇನೆ. ಶಂಕ್ರವ್ವ ಈ ತಿಂಗಳು ಏಳನೆಯ ತಾರೀಖು, ಮಂಗಳವಾರ ಮಧ್ಯಾಹ್ನ ಹಡೆದಳು. ಹೆಣ್ಣು. ಮೈ ತುಂಬಿಕೊಂಡು ಬಂದಿದೆ, ಅಳುವ ದನಿ ಮೂರು ಮನೆಗೆ ಕೇಳುತ್ತದೆ. ತಾಯಿಗೆ ಹಾಲು ಚೆನ್ನಾಗಿದೆ. ಶಿದ್ಲಿಂಗಪ್ಪ ಕೂಸನ್ನು ಎತ್ತಿಕೊಳ್ಳಲು ಹೆದರಿ ಬರೀ ಸುತ್ತು ಹಾಕುತ್ತಾನೆ. ಮಹಾಲಿಂಗಪ್ಪ ಬಂದು ಬೆಳ್ಳಿ ಕಡಗ ಹಾಕಿ, ಇದು ದೊಡ್ಡದಾಗುವ ಹೊತ್ತಿಗೆ ಊರಿಗೆ ಏನೇನು ಬರುತ್ತದೆಂದು ಅರ್ಧ ತಾಸು ಹೇಳಿದ. ಎಲ್ಲ ಬರಲಿ, ಒಂದೊಂದನ್ನೂ ತರುವ ಮೊದಲು ಇವಳ ಅವ್ವನನ್ನು ಒಂದು ಮಾತು ಕೇಳೆಂದೆ. ಕೇಳುತ್ತೇನೆಂದಿದ್ದಾನೆ. ಕೇಳದಿದ್ದರೆ ಅವನ ಗಿರಣಿಯ ಕಟ್ಟೆ ನನಗೆ ಗೊತ್ತಿದೆ.

ಹೋಳಿ ಹುಣ್ಣಿಮೆ ಕಳೆದು ಬರುವ ಗುರುವಾರ ಶಂಕ್ರವ್ವನ ಗಂಗವ್ವನ ಪೂಜೆ ಇಟ್ಟುಕೊಂಡಿದ್ದೇವೆ. ಗಿರಣಿಯ ತೊಟ್ಟಿಯಲ್ಲಿ ಅಲ್ಲ, ನಮ್ಮ ಹೊಂಡದಲ್ಲಿ. ಮಂಗಳವಾರ ಬೆಳಗ್ಗೆ ಮಾಡಿದರೆ ನೀರು ಖಂಡಿತ ತಿಳಿಯಾಗಿರುತ್ತದೆಂದು ಇಲ್ಲಿಯ ಹಿರಿಯರು ಹೇಳಿದರು. ನಾನು ಒಪ್ಪಲಿಲ್ಲ. ಇಂಜಿನ್ ಮಲಗಿದ ಮರುದಿನ ತಿಳಿಯಾಗಿರುವ ನೀರನ್ನು ನಾವು ಮೊದಲೇ ಕಂಡಿದ್ದೇವೆ. ಗುರುವಾರ ಅದು ಜೋರಾಗಿ ಓಡುವ ದಿನ, ಸಂತೆಯ ಜೋಳ ಬಂದಿರುತ್ತದೆ. ಮೇಲೆ ಅದು ಕೂಗುತ್ತಿರಬೇಕು, ಕೆಳಗೆ ಮೀನು ಮೆಟ್ಟಿಲ ತನಕ ಬಂದಿರಬೇಕು, ನಡುವೆ ನನ್ನ ಸೊಸೆ ಕೊಡ ತುಂಬಬೇಕು. ಆ ಕೊಡದ ಮೊದಲ ಬೊಗಸೆಯನ್ನು ನಾನು ಕುಡಿಯುತ್ತೇನೆ, ಎರಡನೆಯದನ್ನು ಮಹಾಲಿಂಗಪ್ಪ ಕುಡಿಯಬೇಕೆಂದು ಹೇಳಿ ಕಳಿಸಿದ್ದೇನೆ.

ಅಜ್ಜಪ್ಪನವರ ಕಾಲು ನೋವು, ನಿನ್ನ ಅತ್ತೆಯವರ ಊಟ, ನಾಗಪ್ಪನ ಕೆಮ್ಮು ಎಲ್ಲ ಹೇಗಿವೆ? ಅವರಿಗೆಲ್ಲ ಅಡಿಗೆ ಮಾಡಿಡಲು ಬೇರೆ ಯಾರೂ ಇಲ್ಲವೆಂಬ ನೆವ ಈ ಸಲ ಹೇಳಬೇಡ. ಮೂರನೆಯ ಬೊಗಸೆ ನಿನ್ನದು. ಯಾವ ದಿನದ ಮೋಟಾರಿಗೆ ಬರುತ್ತೀ ಎಂದು ಈ ಕಾಗದ ಓದಿ ಮುಗಿಸಿದ ಕೂಡಲೇ ಎರಡು ಗೆರೆ ಬರೆದು ಹಾಕು, ಹಾನಗಲ್ಲಿಗೆ ಚಕ್ಕಡಿ ಕಳಿಸುತ್ತೇನೆ.